ಗೋಡೆಯಾಚೆಯ ಒಂದನೇ ಕ್ಲಾಸು

ಜೂನ್ ಬಂತು ಅಂದ್ರೆ ನಮ್ಮ ಹಿತ್ತಲಿಗೆ ಬೇರೆ ಗಡಿಯಾರ ಬೇಕಾಗಿಲ್ಲ ಕಣ್ರೀ. ನಮ್ಮನೆಗೂ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೂ ನಡುವೆ ಇರೋದು ಎದೆಮಟ್ಟದ ಒಂದು ಗೋಡೆ. ಈ ಕಡೆ ಕರಿಬೇವಿನ ಗಿಡ, ಬಟ್ಟೆ ಒಗೆಯೋ ಕಲ್ಲು. ಆ ಕಡೆ ಒಂದನೇ ಕ್ಲಾಸಿನ ಕಿಟಕಿ. ಬೆಲ್ ಹೊಡೆದರೆ ನನಗೆ ಕುಕ್ಕರ್ ಇಡೋ ಹೊತ್ತು, ಊಟದ ಬೆಲ್‌ಗೆ ಬಟ್ಟೆ ಮಗುಚಿ ಹಾಕೋ ಹೊತ್ತು. ಎರಡು ತಿಂಗಳು ರಜದಲ್ಲಿ ಹಿತ್ತಲೆಲ್ಲ ಬಿಕೋ ಅಂತಿರುತ್ತೆ. ಮೇ ಕೊನೆಗೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಪಾಯಸ ಮಾಡಿ, ಮಕ್ಕಳಿಗೆ ಹೂ ಕೊಟ್ಟು ಒಳಗೆ ಕರಕೊಂಡರು ಅಂದ್ರೆ ಶುರು. ಹೊಸದಾಗಿ ಒಂದನೇ ಕ್ಲಾಸಿಗೆ ಬಂದ ಮಕ್ಕಳ ಮೊದಲ ವಾರ ಇದೆಯಲ್ಲ, ಅದನ್ನ ಕೇಳ್ತಾ ಕೂತರೆ ಬಟ್ಟೆ ಒಗೆದದ್ದೇ ಗೊತ್ತಾಗಲ್ಲ.

ಪಕ್ಕದ ಬೀದಿಯವರ ಮೊಮ್ಮಗಳು ಪುಟ್ಟಿ ಈ ಸಲ ಸೇರಿದ್ದಾಳೆ. ವಾರ ಕಳೆಯೋದರೊಳಗೆ ಅವರಜ್ಜಿ ಗೋಡೆ ಹತ್ತಿರ ಬಂದು ನಿಂತರು, ಮುಖ ಸಪ್ಪಗೆ. 'ಏನೂ ಕಲ್ತಿಲ್ಲ ಕಣಮ್ಮ. ಏನ್ ಹೇಳ್ಕೊಟ್ರು ಅಂದ್ರೆ ಏನೂ ಇಲ್ಲ ಅಂತಾಳೆ' ಅಂದರು. ಏನೂ ಇಲ್ವಂತೆ! ನಾನು ಕೇಳಿಸಿಕೊಂಡಿದ್ದೇ ಇಷ್ಟಿದೆ, ಇನ್ನು ಒಳಗೆ ಕೂತವರು ಕಲಿತದ್ದು ಎಷ್ಟಿರಬೇಡ, ಅಲ್ವಾ?

ಮೊದಲು ಕಲಿಯೋದು ಯಾವುದು ಹೇಳಿ? ಅ ಆ ಅಲ್ಲ, ಒಂದು ಎರಡೂ ಅಲ್ಲ, ಅವರವರ ಹೆಸರು. ಮನೇಲಿ ಚಿನ್ನು, ಬಂಗಾರಿ, ಗುಂಡ, ಪಾಪು ಅಂತ ಬೆಳೆದ ಜೀವ. ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಹೆಸರಿದೆ ಅನ್ನೋದು ಅದಕ್ಕೆ ಎಲ್ಲಿ ನೆನಪಿರುತ್ತೆ? ಸೋಮವಾರ ಬೆಳಗ್ಗೆ ಟೀಚರ್ ಹಾಜರಿ ಪುಸ್ತಕ ತೆಗೆದು, ಇನಿಷಿಯಲ್ ಸಮೇತ ಪೂರ್ತಿ ಹೆಸರು ಕರೀತಾರೆ. ಮಗು ಹಿಂದೆ ತಿರುಗಿ ನೋಡುತ್ತೆ, ಯಾರನ್ನೋ ಕರೀತಿದಾರೆ ಅಂತ! 'ಏ, ನೀನೇ ಅಲ್ವೇನೋ' ಅಂತ ಟೀಚರ್ ಅಂದ ಮೇಲೂ ನಂಬಿಕೆ ಇಲ್ಲ. ಮಂಗಳವಾರ ಸ್ವಲ್ಪ ಅನುಮಾನದಲ್ಲೇ 'ಹಾಜರ್ ಮಿಸ್' ಅನ್ನುತ್ತೆ. ಗುರುವಾರದ ಹೊತ್ತಿಗೆ ನೋಡಬೇಕು ನೀವು, ಟೀಚರ್ ಬಾಯಿಂದ ಹೆಸರಿನ ಮೊದಲಕ್ಷರ ಹೊರಡೋದರೊಳಗೆ ಗಂಟಲು ಹರಿಯೋ ಹಾಗೆ 'ಹಾಜರ್ ಮಿಸ್!' ಪಕ್ಕದವನು ಬಂದಿಲ್ಲದಿದ್ದರೆ ಅವನ ಪರವಾಗಿ 'ಅವ್ನಿಗೆ ಜ್ವರ ಮಿಸ್' ಅನ್ನೋದೂ ಇವರೇ. ಇಷ್ಟು ಜನರ ಮಧ್ಯೆ ನಂದೊಂದು ಹೆಸರಿದೆ, ಅದನ್ನ ದಿನಾ ಒಬ್ಬರು ಕರೀತಾರೆ, ನಾನು ಬರದಿದ್ದರೆ ಗೊತ್ತಾಗುತ್ತೆ. ಆರು ವರ್ಷದ ಮಗುವಿಗೆ ಇದು ಸಣ್ಣ ತಿಳಿವಳಿಕೆಯಾ?

ಎರಡನೆಯದು ಕಿರುಬೆರಳು. 'ಮಿಸ್, ಒಂದಕ್ಕೆ!' ಲೆಕ್ಕ ಶುರುವಾಗೋದೇ ಅಲ್ಲಿಂದ ನೋಡಿ. ಮನೇಲಿ ಬೇಕಾದಾಗ ಓಡಿಹೋಗ್ತಿದ್ದ ಮಗು ಈಗ ಕೈಯೆತ್ತಬೇಕು, ಕೇಳಬೇಕು, ಹೂಂ ಅನ್ನೋ ತನಕ ತಡೀಬೇಕು. ಒಬ್ಬ ಕೇಳಿದನೋ, ಸಾಲಾಗಿ ಹನ್ನೆರಡು ಕಿರುಬೆರಳು ಮೇಲೇಳುತ್ತೆ. ಅರ್ಧ ಜನಕ್ಕೆ ನಿಜವಾಗಿ ಬಂದಿರಲ್ಲ, ಹೊರಗೆ ಹೋಗೋ ಮೆರವಣಿಗೆ ಬಿಟ್ಟುಹೋಗಬಾರದು ಅಷ್ಟೆ. ಟೀಚರ್ ಹೂಂ ಅಂತಾರೆ, ಮೊದಲ ವಾರ ಯಾರಿಗೂ ಇಲ್ಲ ಅನ್ನಲ್ಲ. ಅನ್ನಲೂಬಾರದು. ಭಯಕ್ಕೆ ಕೂತಲ್ಲೇ ಮಾಡಿಕೊಂಡ ಮಗು ನಾಳೆ ಶಾಲೆಗೆ ಬರಲು ಒಪ್ಪುತ್ತಾ?

ಪ್ರಾರ್ಥನೆ ಹೊತ್ತಲ್ಲಿ ಇವರನ್ನ ಮುಂದಿನ ಸಾಲಿಗೆ ನಿಲ್ಲಿಸ್ತಾರೆ. ಒಂದು ಕೈ ಅಂತರ ಬಿಡಿ ಅಂದ್ರೆ ಮುಂದಿನವನ ಹೆಗಲು ಹಿಡಿದು ರೈಲು ಬಿಡ್ತಾರೆ. ನಾಡಗೀತೆ ಆಗುತ್ತೆ, 2023ರಿಂದ ಈಚೆಗೆ ಸಂವಿಧಾನದ ಪೀಠಿಕೆ ಓದಿಸೋದೂ ಸೇರಿಕೊಂಡಿದೆ. ಐದನೇ ಕ್ಲಾಸಿನ ಹುಡುಗಿ ಒಂದೊಂದೇ ಮಾತು ಹೇಳಿಕೊಡ್ತಾಳೆ, ಎಲ್ಲರೂ ಹಿಂದಿನಿಂದ ಹೇಳ್ತಾರೆ. 'ಸಾರ್ವಭೌಮ' ಅನ್ನೋ ಮಾತು ಬಂದಾಗ ಒಂದನೇ ಕ್ಲಾಸಿನವರ ಬಾಯಲ್ಲಿ 'ಭೌಮ' ಒಂದೇ ಗಟ್ಟಿಯಾಗಿ ಕೇಳೋದು. 'ಗಣರಾಜ್ಯ'ದಲ್ಲಿ ಗಣ ಮಾತ್ರ, ಗಣಪತಿ ಪರಿಚಯ ಇರೋದಕ್ಕೋ ಏನೋ. ಅರ್ಥ ಆಗುತ್ತಾ ಅಂತ ಕೇಳಬೇಡಿ. ದೊಡ್ಡವರು ಗಂಭೀರವಾಗಿ ನಿಂತು ಹೇಳೋ ಮಾತಿಗೆ ತಾನೂ ದನಿ ಸೇರಿಸಬೇಕು ಅನ್ನೋದು ಆಗಿದೆ. ಅರ್ಥ ಬರೋಕೆ ಇನ್ನೂ ಹತ್ತು ವರ್ಷ ಇದೆಯಲ್ಲ.

ಈಗ ಅಕ್ಷರಕ್ಕೆ ಬರೋಣ, ಪುಟ್ಟಿ ಅಜ್ಜಿಯ ದೊಡ್ಡ ಸಂಕಟ ಇರೋದೇ ಅಲ್ಲಿ. 'ನಾವೆಲ್ಲ ಅ ಆ ಇ ಈಯಿಂದ ಶುರು ಮಾಡಿದ್ದು. ಇವಳ ಸ್ಲೇಟಲ್ಲಿ ರ ಗ ಸ ಅಂತಿದೆ. ಮಧ್ಯದಿಂದ ಹೇಳ್ಕೊಟ್ರೆ ಮಗು ತಲೆಗೆ ಹತ್ತುತ್ತಾ?' ಅಂದರು. ಅವರಿಗೊಬ್ಬರಿಗೇ ಅಲ್ಲ, ಬೀದಿಯ ಎಷ್ಟೋ ಅಜ್ಜಿ-ತಾತಂದಿರಿಗೆ ಇದೇ ಅನುಮಾನ. ಈಗ ಸರ್ಕಾರಿ ಶಾಲೇಲಿ ಹೇಳಿಕೊಡೋದು ನಲಿ-ಕಲಿ ಅನ್ನೋ ಕ್ರಮದಲ್ಲಿ, ಅದರಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ವರ್ಣಮಾಲೆಯ ಸಾಲು ಉಚ್ಚಾರಣೆಯ ಲೆಕ್ಕದಲ್ಲಿ ಹೋಗುತ್ತೆ, ಅದರ ಅಂದವೇ ಬೇರೆ. ಆದ್ರೆ ಆರು ವರ್ಷದ ಬೆರಳಿಗೆ ಬೇಕಾದದ್ದು ಬರೆಯೋಕೆ ಸುಲಭವಾದದ್ದು. ರ ಬರೆದು ನೋಡಿ, ಒಂದು ದುಂಡು, ತಲೆ ಮೇಲೊಂದು ಗೀಟು. ಕೈ ಹೊರಳಿತು ಅಂದ್ರೆ ದ ದೂರ ಇಲ್ಲ, ಅ ಕೂಡ ದೂರ ಇಲ್ಲ. ಅದೇ ಹಳೇ ಸಾಲು ಹಿಡಿದರೆ ಮೊದಲ ತಿಂಗಳಲ್ಲೇ ಋ ಎದುರಾಗುತ್ತೆ. ಋ ಬರೆಯೋಕೆ ನಮ್ಮ ಕೈಯೇ ಒಂದು ಗಳಿಗೆ ಯೋಚನೆ ಮಾಡುತ್ತೆ, ಇನ್ನು ಆ ಮಗು ಏನು ಮಾಡೀತು, ಅಲ್ವಾ?

ಇನ್ನೊಂದು ಚೆಂದ ಹೇಳ್ತೀನಿ ಕೇಳಿ. ಆ ಐದಕ್ಷರಕ್ಕೆ ಎಷ್ಟು ಮಾತು ಹುಟ್ಟುತ್ತೆ ಗೊತ್ತಾ? ಸರ, ದರ, ರಸ, ಅರಸ, ಅಗಸ, ಗರಗಸ, ಸರಸರ. ನಮ್ಮ ಮೈಸೂರು ಕಡೆ ಮಕ್ಕಳಿಗಂತೂ ಒಂದು ದೊಡ್ಡ ಹಬ್ಬವೇ ಸಿಕ್ಕಿಬಿಡುತ್ತೆ, ದಸರ! ದೀರ್ಘ ಇಲ್ಲದಿದ್ದರೇನು, ಆನೆ ಕಣ್ಮುಂದೆ ಬಂತಲ್ಲ. ಐದೇ ಅಕ್ಷರ ಕಲಿತ ಮಗು ಗೋಡೆ ಮೇಲಿನ ಪೋಸ್ಟರಲ್ಲಿ ತಾನಾಗಿ ಒಂದು ಮಾತು ಓದಿತು ಅಂದ್ರೆ ಅದರ ಮುಖ ನೋಡಬೇಕು. ಹಳೇ ಕ್ರಮದಲ್ಲಿ ಸ್ವರ ಮುಗಿದು, ವ್ಯಂಜನ ಮುಗಿದು, ನಲವತ್ತೊಂಬತ್ತೂ ಬಾಯಿಪಾಠ ಆಗೋ ತನಕ ಒಂದು ಪೂರ್ತಿ ಮಾತು ಓದೋ ಸುಖಕ್ಕೆ ಕಾಯಬೇಕಿತ್ತು.

ಈ ನಲಿ-ಕಲಿ ಎಲ್ಲಿಂದಲೋ ಬಂದಿದ್ದಲ್ಲ ಕಣ್ರೀ, ನಮ್ಮ ಜಿಲ್ಲೇದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯ್ತು, ಯುನಿಸೆಫ್ ನೆರವಿತ್ತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳು ಕಾರ್ಡು ಹಿಡಿದು ಕಲಿಯೋದನ್ನ ನೋಡಿಕೊಂಡು ಬಂದರು. ಬಂದವರು ತಾವೇ ಕೂತು ಕನ್ನಡಕ್ಕೆ ಕಾರ್ಡು ಬರೆದರು. ಕೋಟೆ ಅಂದ್ರೆ ಕಾಡಂಚಿನ ತಾಲ್ಲೂಕು, ಹಾಡಿಗಳಿರೋ ಜಾಗ. ಅಪ್ಪ-ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟರೆ ಮಕ್ಕಳೂ ಹೊರಡೋವು. ವಾಪಸ್ ಬರೋ ಹೊತ್ತಿಗೆ ಕ್ಲಾಸು ಎಲ್ಲೋ ಮುಂದೆ ಹೋಗಿರೋದು, ಆ ಮಗು ಹಿಂದಿನ ಬೆಂಚಲ್ಲಿ ಮಂಕಾಗಿ ಕೂರೋದು, ಆಮೇಲೆ ಶಾಲೆಯೇ ಬೇಡ ಅನ್ನೋದು. ಏಣಿ ಬಂದಿದ್ದು ಅಂಥವರಿಗಾಗಿ. ಕಲಿಕಾ ಏಣಿ ಅಂತ ಗೋಡೆ ಮೇಲೆ ಹಾಕಿರ್ತಾರೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಚಿತ್ರ. ನಾನು ಈ ಚಿತ್ರದ ಹತ್ತಿರ ಇದ್ದೀನಿ ಅಂತ ಮಗುವಿಗೇ ಗೊತ್ತು. ಹದಿನೈದು ದಿನ ಬರಲಿಲ್ಲ, ಬಂದ ದಿನ ಅದೇ ಮೆಟ್ಟಿಲಿಂದ ಹತ್ತೋದು. ಯಾರೂ ಬಿಟ್ಟುಹೋಗಿರಲ್ಲ. 2009-10ಕ್ಕೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಒಂದು, ಎರಡು, ಮೂರನೇ ಕ್ಲಾಸಿನವರೆಲ್ಲ ಒಂದೇ ಕೋಣೇಲಿ ಗುಂಪು ಗುಂಪಾಗಿ ಕೂರ್ತಾರೆ. ಕೂರೋ ಗುಂಪಿಗೆ ತಟ್ಟೆ ಅಂತಾರೆ. ಒಂದು ತಟ್ಟೆಗೆ ಟೀಚರೇ ಜೊತೆಗಿರ್ತಾರೆ, ಇನ್ನೊಂದರಲ್ಲಿ ಮಕ್ಕಳು ಮಕ್ಕಳಿಗೇ ಹೇಳಿಕೊಡೋದು, ಮತ್ತೊಂದರಲ್ಲಿ ತಾವಾಗೇ ಕಲಿಯೋದು.

ಹೊಸ ಮಕ್ಕಳಿಗೆ ಈ ತಟ್ಟೆಯದ್ದೊಂದು ಗೊಂದಲ. 'ಬಾ, ತಟ್ಟೇಲಿ ಕೂತ್ಕೋ' ಅಂದ್ರೆ ಊಟದ ತಟ್ಟೆ ತಗೊಂಡು ಬಂದು ನಿಂತವನೊಬ್ಬನಿದ್ದ. ಟೀಚರಿಗೆ ನಗು ತಡೆಯೋಕಾಗಲಿಲ್ಲ, ನನಗೂ ಗೋಡೆ ಈಚೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ ತೂಗುಹಾಕೋದಕ್ಕೆ ಚಪ್ಪರ ಅಂತಾರೆ. ಮೊದಲ ವಾರ ಚಪ್ಪರಕ್ಕೆ ಏರೋದು ಬರೀ ಗೀಚು. ಅದು ಮಗುವಿನ ಪ್ರಕಾರ ಹಸು, ಅಥವಾ ಅಮ್ಮ. ಮನೆಗೆ ಹೋಗೋವಾಗ ಕತ್ತೆತ್ತಿ ತನ್ನದು ಇದೆಯಾ ಅಂತ ನೋಡಿಕೊಂಡೇ ಹೋಗೋದು.

ಸ್ಲೇಟು ಅಂದೆನಲ್ಲ, ನಮ್ಮ ಕಾಲದ ಸ್ಲೇಟು ನೆನಪಾಗುತ್ತೆ. ಮರದ ಚೌಕಟ್ಟಿನ ಕಲ್ಲಿನ ಸ್ಲೇಟು, ಬಿದ್ದರೆ ಎರಡು ಹೋಳು. ಜೂನ್ ತಿಂಗಳಲ್ಲಿ ಅಮ್ಮ ತೊಂಡೆ ಎಲೆ, ಇದ್ದಿಲು ಸೇರಿಸಿ ಅರೆದು ಉಜ್ಜಿ ಉಜ್ಜಿ ಕಪ್ಪು ಮಾಡಿ ಬಿಸಿಲಿಗೆ ಇಡೋರು. ಆ ಹಸಿ ವಾಸನೆ ಬಂದ್ರೆ ಶಾಲೆ ಹತ್ತಿರ ಬಂತು ಅಂತ ಲೆಕ್ಕ. ಅಳಿಸೋಕೆ ಒಂದು ಚಿಂದಿ ಬಟ್ಟೆ, ಅದಕ್ಕೆ ನೀರು. ನೀರಿಲ್ಲದಾಗ ಉಗುಳು, ಮೊಣಕೈ. ಮತ್ತೆ ಬಳಪ! ಬಳಪ ತಿನ್ನದ ಮಕ್ಕಳನ್ನ ನೀವು ಕಂಡಿದೀರಾ? ಒಂದಿಡೀ ಬಳಪ ಕೊಟ್ಟರೆ ಮಧ್ಯಾಹ್ನಕ್ಕೆ ಕಾಲು ಬಳಪ, ಸ್ಲೇಟಲ್ಲಿ ಮಾತ್ರ ಎರಡೇ ಅಕ್ಷರ. ತುಟಿ ನೋಡಿದರೆ ಬೆಳ್ಳಗೆ. ಈಗಲೂ ಅದೇ ಕತೆ. ಮೊನ್ನೆ ಗೋಡೆ ಆಚೆಯಿಂದ, 'ಮಿಸ್, ಇವ್ಳು ಬಳಪ ತಿಂತಿದಾಳೆ', 'ಮಿಸ್, ಇವ್ನೂ ತಿಂದ, ನಂದೂ ತಿಂದ'. ಮಣ್ಣು, ಬಳಪ ತಿನ್ನೋ ಚಪಲ ಬಿಡದಂತಿದ್ದರೆ ರಕ್ತ ಕಮ್ಮಿ ಇದೆಯಾ ಅಂತ ಒಂದ್ಸಲ ಡಾಕ್ಟರಿಗೆ ತೋರಿಸಿ ಅಂತ ಪುಟ್ಟಿ ಅಮ್ಮನಿಗೂ ಹೇಳಿದೀನಿ. ನಗೋ ವಿಷಯವಾದ್ರೂ ಅಷ್ಟು ನೋಡಿಕೊಳ್ಳಬೇಕು.

ಅಕ್ಷರದ ವಿಷಯ ಬಿಟ್ಟು ಎಲ್ಲಿಗೋ ಹೋದೆ. ಪಾಪ, ಆ ಙ ಮತ್ತೆ ಞ ನೋಡಿ. ಅವಕ್ಕೆ ಗೋಡೆ ಪಟದಲ್ಲಿ ಒಂದು ಚಿತ್ರವೂ ಇಲ್ಲ. ಕ ಅಂದ್ರೆ ಕಮಲ, ಖ ಅಂದ್ರೆ ಖಡ್ಗ, ಗ ಅಂದ್ರೆ ಗರಗಸ, ಘ ಅಂದ್ರೆ ಘಂಟೆ, ಙ ಅಂದ್ರೆ ಖಾಲಿ ಚೌಕ. ಣ ಮತ್ತೆ ಳ ಕೂಡ ಮಾತಿನ ಮುಂದೆ ಬರೋ ಪೈಕಿ ಅಲ್ಲ, ಬಾಣ ಅಂತಲೋ ಕೊಳ ಅಂತಲೋ ಹಿಂದೆ ನಿಂತು ಮುಖ ತೋರಿಸ್ತಾವೆ. ಮಕ್ಕಳಿಗೆ ಇಂಥವೇ ಕಣ್ಣಿಗೆ ಬೀಳೋದು. 'ಇದಕ್ಕೆ ಯಾಕೆ ಚಿತ್ರ ಇಲ್ಲ ಮಿಸ್?' ಅಂತ ಒಬ್ಬಳು ಕೇಳಿದಳು. 'ನೀನೇ ಒಂದು ಬರಿ' ಅಂದರು ಟೀಚರ್. ಅವಳು ಏನು ಬರೆದಳೋ ನನಗೆ ಕಾಣಲಿಲ್ಲ, ಆ ಉತ್ತರ ಮಾತ್ರ ಬಹಳ ಇಷ್ಟ ಆಯ್ತು.

ಲೆಕ್ಕದ ಹೊತ್ತು ಬಂದರೆ ನಾನು ಬಟ್ಟೆ ಒಗೆಯೋದನ್ನ ನಿಲ್ಲಿಸಿಬಿಡ್ತೀನಿ. ಹುಣಸೆ ಬೀಜ ನೆಲದ ಮೇಲೆ ಸುರೀತಾರೆ. ಮಗು ಒಂದೊಂದೇ ಮುಟ್ಟಿ ಎಣಿಸುತ್ತೆ, ಒಂದು, ಎರಡು, ಮೂರು, ನಾಕು, ಐದು. ಸರಿಯಾಗಿದೆ. 'ಹಾಗಾದ್ರೆ ಎಷ್ಟಿದೆ?' ಅಂತಾರೆ ಟೀಚರ್. ಮಗು ಮತ್ತೆ ಮೊದಲಿಂದ, ಒಂದು, ಎರಡು, ಮೂರು... 'ಹೂಂ, ಎಷ್ಟಿದೆ?' ಮತ್ತೆ ಒಂದು, ಎರಡು... ಎಷ್ಟು ಅಂದ್ರೆ ಎಣಿಸೋದು ಅಂತ ಅದರ ಲೆಕ್ಕ. ಇನ್ನೊಬ್ಬ ಕೊನೇ ಬೀಜ ತೋರಿಸಿ 'ಇದು ಐದು' ಅಂದ. 'ಅದು ಐದಾದ್ರೆ ಮಿಕ್ಕಿದ್ದು?' ಅಂದರೆ, 'ಅದು ನಾಕು, ಇದು ಮೂರು' ಅಂತ ಒಂದೊಂದು ಬೀಜಕ್ಕೂ ಹೆಸರಿಟ್ಟುಬಿಟ್ಟ. ಐದು ಅನ್ನೋದು ಒಂದು ಬೀಜದ ಹೆಸರಲ್ಲ, ಐದೂ ಸೇರಿದ ಗುಂಪಿನ ಲೆಕ್ಕ ಅಂತ ತಿಳಿಯೋದಿದೆಯಲ್ಲ, ಅದು ದೊಡ್ಡ ಗಣಿತ ಕಣ್ರೀ. ನಾವು ಯಾವಾಗ ಅದನ್ನ ಕಲಿತೆವು ಅನ್ನೋದು ನಮಗ್ಯಾರಿಗೂ ನೆನಪಿಲ್ಲ. ಆ ಟೀಚರ್ ಬೀಜ ಎಲ್ಲ ಬಾಚಿ ಮಗುವಿನ ಬೊಗಸೆಗೆ ಹಾಕಿ, 'ನಿನ್ನ ಕೈಲಿ ಈಗ ಎಷ್ಟಿದೆ?' ಅಂದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ 'ಐದು!' ಅಂತ ಬಂತು. ಮತ್ತೆ ಎಣಿಸಲಿಲ್ಲ. ನನಗಿಲ್ಲಿ ಸೋಪಿನ ಕೈಯಲ್ಲೇ ಚಪ್ಪಾಳೆ ತಟ್ಟೋಣ ಅನ್ನಿಸ್ತು.

ಬರೆಯೋದು ಇನ್ನೂ ಒಂದಂಕಿಯೊಳಗೇ, ಬಾಯಲ್ಲಿ ಮಾತ್ರ ಕುದುರೆ ಓಟ. ಅಂಗನವಾಡೀಲಿ ಕಲಿತು ಬಂದದ್ದು ಇರುತ್ತಲ್ಲ. ಹತ್ತರ ತನಕ ಸಲೀಸು. ಆಮೇಲೆ ನಮ್ಮ ಭಾಷೆ ಒಂದು ತುಂಟಾಟ ಆಡುತ್ತೆ. ಇಪ್ಪತ್ತೊಂದು, ಮೂವತ್ತೊಂದು ಅನ್ನೋ ಜಾಗದಲ್ಲಿ ಹತ್ತೊಂದು ಅನ್ನಬೇಕಲ್ವಾ ನ್ಯಾಯವಾಗಿ? ಹನ್ನೊಂದು ಅಂತೀವಿ. ಹನ್ನೆರಡು ಆದ ಮೇಲೆ ಹನ್ಮೂರು ಬರೋದಿಲ್ಲ, ಹದಿಮೂರು. ಹದಿನೆಂಟರ ತನಕ ಹದಿ ಹದಿ ಅಂತ ಅಭ್ಯಾಸ ಆಯ್ತು ಅನ್ನೋವಾಗ ಹತ್ತೊಂಬತ್ತು. ಮಕ್ಕಳು ಇದನ್ನ ಒಪ್ಪಲ್ಲ. 'ಹತ್ತೊಂದು, ಹತ್ತೆರಡು' ಅಂತ ಸೊಗಸಾಗಿ ಹೋಗ್ತಿದ್ದ ಒಂದು ಹುಡುಗ, ಟೀಚರ್ ತಿದ್ದಿದ ಮೇಲೂ ಪಕ್ಕದವನ ಕಿವೀಲಿ ಹತ್ತೊಂದೇ ಸರಿ ಅಂತಿದ್ದ. ಅವನ ತರ್ಕದಲ್ಲಿ ಏನು ತಪ್ಪಿದೆ ಹೇಳಿ! ಇಪ್ಪತ್ತೊಂಬತ್ತು ಆದ ಮೇಲೆ 'ಇಪ್ಪತ್ತಹತ್ತು' ಅನ್ನೋರೂ ಇದಾರೆ. ನಗಬೇಡಿ. ಯಾರೂ ಹೇಳಿಕೊಡದೇ ತಾವಾಗಿ ಒಂದು ನಿಯಮ ಕಂಡುಹಿಡಿದಿರೋದು ಅದು. ಬರೀ ಬಾಯಿಪಾಠ ಮಾಡಿದ ಮಗುವಿನ ಬಾಯಿಂದ ಇಪ್ಪತ್ತಹತ್ತು ಬರೋದೇ ಇಲ್ಲ.

ಊಟದ ಬೆಲ್ ಹೊಡೀತು ಅಂದ್ರೆ ಇನ್ನೊಂದು ಶಾಲೆ ಶುರು. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಮೊದಲಾಗಿ ಮುಂದಿನ ವರ್ಷ ನಮ್ಮ ಕಡೆಗೂ ಬಂದದ್ದು ನಿಮಗೆ ಗೊತ್ತೇ ಇದೆ. 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೈಜೋಡಿಸಿದ ಮೇಲೆ ವಾರದ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಕೈ ತೊಳೀಬೇಕು, ಸಾಲಲ್ಲಿ ನಿಲ್ಲಬೇಕು, ತಟ್ಟೆ ಅಲ್ಲಾಡಿಸದೆ ತರಬೇಕು, ಸಾರು ಚೆಲ್ಲಬಾರದು, ಎಲ್ಲರಿಗೂ ಬಡಿಸೋ ತನಕ ಕಾಯಬೇಕು. ಮನೇಲಿ ಅಮ್ಮ ಹಿಂದೆ ಹಿಂದೆ ತುತ್ತು ಹಿಡಕೊಂಡು ಓಡಾಡಿದ ಮಗು ಇಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ತಾನೇ ಕಲಸಿ ತಿನ್ನೋದು. ಪಕ್ಕದಲ್ಲಿ ಯಾರ ಮನೆ ಮಗು ಕೂತಿದೆ, ಯಾವ ಬೀದಿಯದು, ಯಾವ ಜಾತಿ ಅಂತ ಯಾರೂ ಕೇಳಲ್ಲ. ಈ ಒಂದು ಪಾಠಕ್ಕೇ ಮಕ್ಕಳನ್ನ ಇಲ್ಲಿಗೆ ಕಳಿಸಬಹುದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಆ ಮೊಟ್ಟೆ ಸುಲಿಯೋದನ್ನ ನೋಡಿದೀರಾ? ನಾನು ಕರಿಬೇವು ಕೀಳೋ ನೆಪದಲ್ಲಿ ನಿಂತು ನೋಡಿದೀನಿ. ಸೋಮವಾರ ಎರಡನೇ ಕ್ಲಾಸಿನ ಅಕ್ಕಂದಿರೇ ಸುಲಿದು ಕೊಡಬೇಕು. ಹೊಸಬರು ಸುಲಿದರೆ ಸಿಪ್ಪೆ ಜೊತೆ ಅರ್ಧ ಬಿಳಿ ಹೋಗಿ, ಗುಂಡಿ ಗುಂಡಿಯಾದ ಮೊಟ್ಟೆ ಕೈಯಲ್ಲಿ ಉಳಿಯುತ್ತೆ. ಬುಧವಾರ ಒಬ್ಬ ಹಣೆಗೆ ಟಪ್ ಅಂತ ಬಡಿದು ಒಡೆಯೋದನ್ನ ಕಂಡುಹಿಡಿದ. ತಗೊಳ್ಳಿ, ಇಡೀ ಸಾಲಿಗೆ ಸಾಲೇ ಟಪ್ ಟಪ್. ಶುಕ್ರವಾರಕ್ಕೆ ಪುಟ್ಟಿ ಒಂದು ಕಡೆ ಬಿರುಕು ಬಿಡಿಸಿ, ಆ ತೆಳ್ಳನೆ ಪೊರೆ ಹಿಡಿದು ಉಗುರಲ್ಲಿ ನಿಧಾನಕ್ಕೆ ಎಳೆದು, ಸಿಪ್ಪೆ ಪೂರ್ತಿ ಸುರುಳಿಯಾಗಿ ಬಿಡಿಸಿದಳು. ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ಒಂದು ಗೀರಿಲ್ಲ! ಆಮೇಲೆ 'ಹಳದಿ ನಿಂಗೆ, ಬಿಳಿ ನಂಗೆ' ಅಂತ ಪಕ್ಕದವಳ ಜೊತೆ ವ್ಯಾಪಾರ. ಬರೆಯೋಕೆ ಬೆರಳು ಪಳಗಬೇಕು ಅಂತಾರಲ್ಲ, ಆ ಬೆರಳು ಅಲ್ಲಿ ಪಳಗಿದೆ. ಇದನ್ನೆಲ್ಲ ಪುಟ್ಟಿ ಮನೇಲಿ ಹೇಳ್ತಾಳಾ? ಏನು ಕಲಿತೆ ಅಂದ್ರೆ ಏನೂ ಇಲ್ಲ ಅಂತಾಳೆ. ಅವಳ ಲೆಕ್ಕದಲ್ಲಿ ಅದು ಕಲಿತದ್ದಲ್ಲ, ತಿಂದದ್ದು.

ಬೂಟಿನದ್ದೊಂದು ಇದೆ. ಬೂಟು ಬಾಗಿಲಾಚೆ ಬಿಟ್ಟು ಒಳಗೆ ಕೂರೋದು, ಹೋಗೋವಾಗ ಹಾಕಿಕೊಳ್ಳೋದು. ಒಂದೇ ಬಣ್ಣ, ಹೆಚ್ಚುಕಮ್ಮಿ ಒಂದೇ ಅಳತೆ, ಬಾಗಿಲಲ್ಲಿ ರಾಶಿ. ಎಡಗಾಲಿಂದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು ಕಾಲು ಎರಡೂ ಎರಡು ಊರಿಗೆ ಹೊರಟ ಹಾಗೆ ನಡೆದುಹೋಗೋ ಮಕ್ಕಳು ಮೊದಲ ವಾರದಲ್ಲಿ ಅರ್ಧಕ್ಕರ್ಧ. ಅವರಿಗೇನೂ ತೊಂದರೆ ಕಾಣಲ್ಲ, ನೋಡೋ ನಮಗೇ ಪಾದ ಕಚಗುಳಿ ಇಟ್ಟಂಗಾಗೋದು.

ಇನ್ನು ಜಗಳ. ರಬ್ಬರಿಗೆ, ಕಿಟಕಿ ಪಕ್ಕದ ಜಾಗಕ್ಕೆ, ಟೀಚರ್ ಕೈ ಹಿಡಿಯೋದಕ್ಕೆ, ಎಲ್ಲದಕ್ಕೂ. ಗೋಡೇಲಿ ಹವಾಮಾನ ಪಟ ಇದೆ, ದಿನಾ ಬಿಸಿಲಾ, ಮೋಡವಾ, ಮಳೆಯಾ ಅಂತ ಗುರುತು ಹಾಕೋದು. ಜೂನ್ ತಿಂಗಳ ಮೈಸೂರು ಗೊತ್ತಲ್ಲ, ಬೆಳಗ್ಗೆ ಮೋಡ, ಹತ್ತು ಗಂಟೆಗೆ ಬಿಸಿಲು, ಮಧ್ಯಾಹ್ನ ಸೋನೆ. ಯಾವುದು ಹಾಕಬೇಕು ಅಂತ ಎರಡು ಪಕ್ಷ ಆಗಿ ಹೊರಗೆ ಓಡಿಹೋಗಿ ಆಕಾಶ ನೋಡಿಕೊಂಡು ಬಂದು ವಾದ. 'ಟೂ' ಬಿಡೋದನ್ನೂ ಇದೇ ವಾರ ಕಲಿಯೋದು. ಬೆಳಗ್ಗೆ ಹೆಬ್ಬೆರಳು ಗಲ್ಲಕ್ಕೆ ತಾಗಿಸಿ ಟೂ ಬಿಟ್ಟರೆ ಜನ್ಮಜನ್ಮಾಂತರಕ್ಕೂ ಮಾತಿಲ್ಲ. ಊಟದ ಹೊತ್ತಿಗೆ ಇಬ್ಬರೂ ಒಂದೇ ನಲ್ಲೀಲಿ ಕೈ ತೊಳೀತಾರೆ. ದೊಡ್ಡವರ ಟೂ ಎಷ್ಟು ವರ್ಷ ನಡೆಯುತ್ತೆ, ನಮ್ಮ ಬೀದೀಲೇ ನೋಡಿದೀವಲ್ಲ.

ಚಾಡಿ ಹೇಳೋದಂತೂ ಬಿಡಿ, ಮಳೆ ನಿಂತರೂ ಚಾಡಿ ನಿಲ್ಲಲ್ಲ. ಈ ಟೀಚರ್ ಒಂದು ಉಪಾಯ ಮಾಡಿದಾರೆ. 'ಅವ್ನು ಹೊಡ್ದ ಮಿಸ್' ಅಂತ ಬಂದರೆ, 'ನನಗ್ಯಾಕೆ ಹೇಳ್ತೀಯ, ನೋವಾಯ್ತು ಅಂತ ಅವನಿಗೇ ಹೇಳು' ಅಂತಾರೆ. ಆ ಮಗು ಹೋಗಿ, ಎದುರಿಗೆ ನಿಂತು, 'ನಂಗೆ ನೋವಾಯ್ತು' ಅನ್ನುತ್ತೆ. ಹೊಡೆದವನು ಪೆಚ್ಚುಪೆಚ್ಚಾಗಿ ನಿಂತುಬಿಡ್ತಾನೆ. ಏಟಿಗೆ ಏಟು ಕೊಟ್ಟಿದ್ದರೆ ಅವನಿಗೆ ಉತ್ತರ ಗೊತ್ತಿತ್ತು, ಈ ಮಾತಿಗೆ ಗೊತ್ತಿಲ್ಲ.

ಅಳೋರು ಇದ್ದೇ ಇರ್ತಾರೆ. ಗೇಟು ಹಿಡಕೊಂಡು ಅಮ್ಮನ ಸೆರಗು ಬಿಡದ ಮಗು ಪ್ರತಿ ವರ್ಷವೂ ಒಂದೆರಡು. ಸೇರಿಸೋ ವಯಸ್ಸಿನ ಬಗ್ಗೆ ಎಷ್ಟು ಮಾತಾಯ್ತು, ಜೂನ್ ಒಂದಕ್ಕೆ ಆರು ತುಂಬಿರಬೇಕು ಅಂದರು, 2025ರಲ್ಲಿ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದರು. ಆರೇ ಸರಿ ಅಂತ ನನ್ನ ಅಭಿಪ್ರಾಯ. ಆರೇಳು ತಿಂಗಳ ವ್ಯತ್ಯಾಸ ನಮಗೆ ಏನೂ ಅಲ್ಲ, ಆ ವಯಸ್ಸಿಗೆ ಬಹಳ. ಬಳಪ ಹಿಡಿಯೋ ಬಿಗಿ ಬೇರೆ, ಅಮ್ಮನ್ನ ಬಿಟ್ಟಿರೋ ಧೈರ್ಯ ಬೇರೆ. ಮಧ್ಯಾಹ್ನ ಎರಡೂವರೆಗೆ ಕಿಟಕೀಲಿ ಇಣುಕಿ ನೋಡಿ, ಸಣ್ಣವರು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿರ್ತಾರೆ. ಟೀಚರ್ ಎಬ್ಬಿಸಲ್ಲ, ಫ್ಯಾನು ಆ ಕಡೆ ತಿರುಗಿಸ್ತಾರೆ.

ಪುಟ್ಟಿ ಅಜ್ಜಿಗೆ ಇದನ್ನೆಲ್ಲ ಗೋಡೆ ಮೇಲೆ ಕೈಯೂರಿ ಹೇಳಿದೆ. ಅವರಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. 'ಎಲ್ಲ ಸರಿ, ಸಾಯಂಕಾಲ ಟ್ಯೂಷನ್ನಿಗೆ ಹಾಕಿದ್ರೆ ಅಕ್ಷರ ಬೇಗ ಬರುತ್ತಲ್ವಾ?' ಅಂದರು. ಬೇಡ ಅಂದೆ. ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆ ಹೋಂವರ್ಕ್ ಕೊಡಬಾರದು, ಬ್ಯಾಗು ಎರಡು ಕೆಜಿ ದಾಟಬಾರದು ಅಂತ 2019ರಲ್ಲೇ ಸರ್ಕಾರ ಆದೇಶ ಮಾಡಿದೆ. ಶಾಲೆ ಕೊಡದ ಹೋಂವರ್ಕನ್ನ ನಾವು ಯಾಕೆ ದುಡ್ಡು ಕೊಟ್ಟು ತರೋದು? ಬೆಳಗ್ಗೆಯಿಂದ ಹೆಸರು ಕಲಿತು, ಸಾಲು ಕಲಿತು, ಬೀಜ ಎಣಿಸಿ, ಮೊಟ್ಟೆ ಸುಲಿದು, ಎರಡು ಸಲ ಟೂ ಬಿಟ್ಟು ಒಂದು ಸಲ ರಾಜಿಯಾಗಿ ಬಂದ ಮಗು ಅದು. ಸಾಯಂಕಾಲ ಅದಕ್ಕೆ ಬೇಕಾಗಿರೋದು ಒಂದಿಷ್ಟು ಮಂಡಕ್ಕಿ, ಮಣ್ಣಲ್ಲಿ ಆಟ, ಬೇಗ ನಿದ್ದೆ.

ನಿಮ್ಮ ಮನೇಲೂ ಈ ವರ್ಷ ಒಂದನೇ ಕ್ಲಾಸಿನ ಮಗು ಇದ್ದರೆ ಒಂದು ಮಾತು ನಡೆಸಿಕೊಡಿ. ಏನು ಕಲಿತೆ ಅಂತ ಕೇಳಬೇಡಿ. ಇವತ್ತು ಪಕ್ಕದಲ್ಲಿ ಯಾರು ಕೂತಿದ್ರು, ಯಾರಿಗೆ ಟೂ ಬಿಟ್ಟೆ, ಮೊಟ್ಟೆ ಹೇಗೆ ಸುಲಿದೆ ಅಂತ ಕೇಳಿ. ಆಮೇಲೆ ನೀವು ಬಾಯಿ ತೆರೆಯೋ ಅವಶ್ಯಕತೆಯೇ ಇರಲ್ಲ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದೊಳಗೆ ಬಿಡುತ್ತೆ. ಮಗೂನ ಕರ್ಕೊಂಡು ಬರೋಕೆ ಹೋದವರು ಗೇಟಲ್ಲೇ ನಿಲ್ಲದೆ ಒಳಗೆ ಹೋಗಿ, ಟೀಚರ್ ಜೊತೆ ಎರಡು ಮಾತಾಡಿ, ನಮ್ಮ ಮಗು ಏಣೀಲಿ ಎಲ್ಲಿದೆ ತೋರಿಸಿ ಅನ್ನಿ. ಖುಷಿಯಿಂದ ತೋರಿಸ್ತಾರೆ. ಪುಟ್ಟಿ ಅಜ್ಜಿ ಬರೋ ಶನಿವಾರ ಹೋಗ್ತೀನಿ ಅಂದಿದಾರೆ, ನೀವೂ ಹೋಗಿ ಬನ್ನಿ.